ನಮ್ಮ ಬಚ್ಚಲೊಲೆಯ ಪೊರ್ಬುಗಳು

ನಮ್ಮ ಹೋಟೆಲಿಗೆ ಬರುತ್ತಿದ್ದ ಗಿರಾಕಿಗಳಲ್ಲಿ ಸಾಂಬಾರನ್ನು ಬೈದು, ಬೈದ ಬಾಯಿಯಲ್ಲೇ ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಿದ್ದವರು ಪೊರ್ಬುಗಳೊಬ್ಬರೇ.

"ಇದೆಂತ ಅಮ್ಮಾ, ಸಾಂಬಾರಾ ಗಂಗೆ ನೀರಾ?"

"ಗಂಗೆ ನೀರಾದರೆ ಪುಣ್ಯ ಬರ್ತದೆ, ಉಣ್ಣಿ."

"ನನ್ನ ಪುಣ್ಯ ನನಗೆ ಇಗರ್ಜಿಯಲ್ಲಿ ಸಿಗ್ತದೆ. ನೀವು ಸಾಂಬಾರು ಹಾಕಿ."

ಊರಿನ ಕಡೆ ನಾವು ಕ್ರೈಸ್ತರ ಮನೆಯ ಹಿರಿಯ ಗಂಡಸರನ್ನು ಪೊರ್ಬುಗಳು ಎಂದೇ ಕರೆಯುವುದು. ಇಲ್ಲಿ ಬಂಗಾಳದಲ್ಲಿ, ಖಿದಿರ್‌ಪುರದ ನಮ್ಮ ಓಣಿಯಲ್ಲಿ ಆ ಹೆಸರಿನಿಂದ ಕರೆಸಿಕೊಳ್ಳುವವರು ಇನ್ನೊಬ್ಬರು ಇರಲಿಲ್ಲ. ಅವರ ನಿಜವಾದ ಹೆಸರು ಬರೆಯುವುದಿಲ್ಲ. ಪೇಪರಿನಲ್ಲಿ ಹೆಸರು ಬರುವುದು ಕಳ್ಳರದ್ದು ಮತ್ತು ಮಂತ್ರಿಗಳದ್ದು ಎಂದು ಹೇಳುತ್ತಿದ್ದವರು ಅವರು.

ಕಳೆದ ಮಳೆಗಾಲದಲ್ಲಿ ಕಾರ್ಕಳದ ಕಡೆಯ ತಮ್ಮ ಊರಿಗೆಂದು ಹೋದವರು ಅಲ್ಲೇ ತೀರಿಕೊಂಡರು. ಸುದ್ದಿ ಬಂದಾಗ ಮೊಮ್ಮಗಳು ನನ್ನ ಸೊಂಟದ ಮೇಲಿದ್ದಳು. ಈಗ ಅವಳು ಓಡುತ್ತಾಳೆ, ಕುಣಿಯುತ್ತಾಳೆ, ಕನ್ನಡದಲ್ಲಿ ಅಜ್ಜಿ ಎಂದು ಶುರುಮಾಡಿ ಬಂಗಾಳಿಯಲ್ಲಿ ಜಗಳ ಮುಗಿಸುತ್ತಾಳೆ. ಅವಳ ಸುದ್ದಿ ಶುರುಮಾಡಿದರೆ ನನ್ನನ್ನು ನಿಲ್ಲಿಸುವವರಿಲ್ಲ. ಹೋಟೆಲಿಗೆ ಬಂದವರು ಇಡ್ಲಿ ಬೇಕೆಂದು ಕೇಳಿದರೆ ಮೊದಲು ಮೊಮ್ಮಗಳ ಫೋಟೋ, ಆಮೇಲೆ ಇಡ್ಲಿ. ಆರನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಈಗ ಕಾಗದ ಪೆನ್ನು ಹಿಡಿದು ಕುಳಿತಿರುವುದೂ ಆ ಸಂತೋಷ ಒಳಗೆ ಹಿಡಿಸದ್ದಕ್ಕೇ. ಈ ಹುಡುಗಿ ನಮ್ಮ ಕಣ್ಣೆದುರು ಹೀಗೆ ಓಡಾಡುವುದರಲ್ಲಿ ಪೊರ್ಬುಗಳ ಪಾಲು ಎಷ್ಟು ದೊಡ್ಡದೆಂದು ಅವಳಿಗೆ ಗೊತ್ತಿಲ್ಲ. ಗೊತ್ತಿರುವವರು ಹೇಳಬೇಕು.

ಪೊರ್ಬುಗಳು ಹಡಗು ರಿಪೇರಿಯ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ಕೆಲಸ ಮಾಡಿ ರಿಟೈರ್ ಆದವರು. ಹೆಂಡತಿ ತೀರಿಹೋದ ಮೇಲೆ ಡಾಕ್, ಅಂದರೆ ಹಡಗುಕಟ್ಟೆಯ ಹತ್ತಿರದ ಒಂದು ಕೋಣೆಯಲ್ಲಿ ಒಬ್ಬರೇ ಇದ್ದರು. ದಿನಾ ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ನಮ್ಮ ಹೋಟೆಲಿಗೆ ಬರುತ್ತಿದ್ದರು. ಎಡಗೈಯಲ್ಲಿ ಮೊಣಕೈಯವರೆಗೆ ಹಳೆಯ ಸುಟ್ಟ ಗಾಯದ ಕಲೆ. ಅದನ್ನು ಅವರು ಮುಚ್ಚಿಕೊಳ್ಳುತ್ತಿರಲಿಲ್ಲ, ತೋರಿಸುತ್ತಿದ್ದರು.

"ಇದು ನನ್ನ ಸರ್ಟಿಫಿಕೇಟ್" ಎನ್ನುತ್ತಿದ್ದರು. "ಇದು ಆದ ಮೇಲೆ ನಾನು ಮುಟ್ಟಿದ ಬಾಯ್ಲರ್ ಒಂದೂ ಕೈಕೊಟ್ಟದ್ದಿಲ್ಲ. ನಾನು ಮಾಡಿದ ಕೆಲಸದಲ್ಲಿ ತಪ್ಪು ಅಂತ ಒಂದು ಹುಡುಕಿ ತೋರಿಸಲಿ ಯಾರಾದ್ರೂ."

ಜಂಬದಲ್ಲಿ ಅವರಿಗೆ ಸಮ ಯಾರೂ ಇರಲಿಲ್ಲ. ನಮ್ಮ ಯಜಮಾನರಂತೂ ಅವರು ಬಂದ ಕೂಡಲೇ, "ಬನ್ನಿ ಬನ್ನಿ, ತಪ್ಪೇ ಮಾಡದ ಮನುಷ್ಯ ಬಂದ್ರು" ಎಂದು ಕುರ್ಚಿ ಎಳೆಯುತ್ತಿದ್ದರು. ಅವರು ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡು ಕೂರುತ್ತಿದ್ದರು.

ಬಿಸಿ ಯಾವುದನ್ನೂ ಅವರು ಅಂಗೈಯಿಂದ ಮುಟ್ಟುತ್ತಿರಲಿಲ್ಲ. ಕೈಯ ಹಿಂಬದಿಯನ್ನು ಹತ್ತಿರ ತಂದು, ತಾಗಿಸದೆ, ಕಣ್ಣು ಸಣ್ಣ ಮಾಡಿ ನಿಲ್ಲುತ್ತಿದ್ದರು. ಕಾಫಿ ಲೋಟಕ್ಕೂ ಹಾಗೇ, ದೋಸೆ ಕಲ್ಲಿಗೂ ಹಾಗೇ. "ಅಂಗೈಗೆ ದುಡಿಯುವ ಕೆಲಸ ಉಂಟಮ್ಮಾ. ಸುಡುದಾದ್ರೆ ಕೆಲಸ ಇಲ್ಲದ ಬದಿ ಸುಡಲಿ" ಎಂದು ನನಗೂ ಕಲಿಸಿದರು. ನನ್ನ ಮೊಮ್ಮಗಳು ಈಗ ಹಾಲಿನ ಲೋಟಕ್ಕೆ ಹಾಗೇ ಕೈ ತಿರುಗಿಸಿ ಹಿಡಿಯುತ್ತಾಳೆ!

ಬೆಂಕಿ ಇರುವ ವಸ್ತು ಯಾವುದಾದರೂ ಅವರಿಗೆ ಹೆಂಗಸು. ಬಾಯ್ಲರು ಅವಳು, ಹೋಟೆಲಿನ ಗ್ಯಾಸ್ ಒಲೆ ಅವಳು. "ಅವಳಿಗೆ ಇವತ್ತು ಸಿಟ್ಟು ಬಂದಿದೆ ಅಮ್ಮಾ, ಉರಿ ಹಳದಿಯಾಗಿದೆ, ಬರ್ನರ್ ತೊಳೆಯಿರಿ" ಎನ್ನುತ್ತಿದ್ದರು. ತೊಳೆದರೆ ಉರಿ ನೀಲಿಯಾಗುತ್ತಿತ್ತು. ಅದನ್ನು ನೋಡಿ ಅವರ ಎದೆ ಅಂಗಿಯ ಗುಂಡಿ ಹಾರುವಷ್ಟು ಉಬ್ಬುತ್ತಿತ್ತು.

ಇನ್ನು ಒಲೆಯ ವಿಷಯಕ್ಕೆ ಬರುತ್ತೇನೆ.

ನಮ್ಮ ಒಬ್ಬಳೇ ಮಗಳು ಬಂಗಾಳಿ ಹುಡುಗನನ್ನು ಮದುವೆಯಾಗಿ ಇದೇ ನಗರದ ಇನ್ನೊಂದು ತುದಿಯ ಸಾಲ್ಟ್ ಲೇಕಿನ ಫ್ಲಾಟಿನಲ್ಲಿದ್ದಾಳೆ. ಬಸುರಿಯಾದಾಗ ಹೆರಿಗೆ ಪೌಷ ಮಾಸದ ಚಳಿಯಲ್ಲಿ ಎಂದು ಡಾಕ್ಟರು ಹೇಳಿದರು. ಬಾಣಂತನ ತವರಿನಲ್ಲಿ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ನಮ್ಮದು ಹಳೆಯ ಬಾಡಿಗೆ ಮನೆಯ ಕೆಳಗಿನ ಅಂತಸ್ತು. ಹಿಂದೆ ಸಣ್ಣ ಅಂಗಳ, ಅಂಗಳದ ಮೂಲೆಯಲ್ಲಿ ತಗಡಿನ ಮಾಡಿನ ಬಚ್ಚಲು. ಅಲ್ಲಿ ಕಟ್ಟಿಗೆಯ ಒಲೆ ಹೂಡಿ, ಹಂಡೆ ಕೂರಿಸಿ, ಕೊತಕೊತ ಬಿಸಿ ನೀರು ಕಾಯಿಸಿ ಮಗಳನ್ನೂ ಮಗುವನ್ನೂ ಮೀಯಿಸಬೇಕೆಂದು ನನಗೆ ಆಸೆ. ನನ್ನನ್ನು ನನ್ನ ತಾಯಿ ಮೀಯಿಸಿದ್ದು ಹಾಗೆ. ತಾಮ್ರದ ಹಂಡೆಯನ್ನು ಊರಿನಿಂದ ರೈಲಿನಲ್ಲಿ ತಂದು ಮಂಚದ ಕೆಳಗೆ ಇಟ್ಟು ಎಷ್ಟೋ ಕಾಲವಾಗಿತ್ತು.

"ಗೀಸರ್ ಉಂಟಲ್ಲ ಮಾರಾಯ್ತಿ" ಎಂದರು ಯಜಮಾನರು.

"ಗೀಸರಿನ ನೀರು ಮೈಗೆ ಬಿಸಿ, ಮೂಳೆಗೆ ಅಲ್ಲ."

"ಅದನ್ನು ಯಾವ ಡಾಕ್ಟರು ಹೇಳಿದ್ದು?"

"ನಿಮ್ಮಕ್ಕ ಹೇಳಿದ್ದು."

ಯಜಮಾನರ ಅಕ್ಕ, ಎಂದರೆ ನನ್ನ ಅತ್ತಿಗೆ, ಉಡುಪಿಯ ಹತ್ತಿರ ಇರುವವರು. ನಮ್ಮ ಕುಟುಂಬದ ಎಷ್ಟು ಮಕ್ಕಳು ಅವರ ಕಾಲಿನ ಮೇಲೆ ಮಲಗಿ ಮಿಂದಿದ್ದಾರೋ ಅವರಿಗೇ ನೆನಪಿಲ್ಲ. ಈ ಬಾಣಂತನಕ್ಕೂ ಅವರೇ ಬರುವುದೆಂದು ಆಗಿತ್ತು. ಅವರು ಬರುವಾಗ ಒಲೆ ತಯಾರಿರಬೇಕು.

ನಾನು ಪೊರ್ಬುಗಳಿಗೆ ಹೇಳಿದ್ದೇ ತಡ, ಇಡ್ಲಿ ಅರ್ಧಕ್ಕೆ ಬಿಟ್ಟು ಎದ್ದು ಬಂದರು. ಬಚ್ಚಲಿನ ಒಳಗೆ ನಿಂತು, ಒಂದು ಊದುಬತ್ತಿ ಕೊಡಿ ಎಂದರು. ಇವರಿಗೆ ನಮ್ಮ ದೇವರ ಮೇಲೆ ಭಕ್ತಿ ಯಾವಾಗ ಬಂತೆಂದು ನಾನು ನೋಡಿದೆ. ಅವರು ಊದುಬತ್ತಿ ಹಚ್ಚಿ ಮೂಲೆ ಮೂಲೆಯಲ್ಲಿ ಹಿಡಿದು ಹೊಗೆ ಯಾವ ಕಡೆಗೆ ವಾಲುತ್ತದೆ ಎಂದು ನೋಡಿದರು. ಆಮೇಲೆ ತಲೆ ಅಲ್ಲಾಡಿಸಿದರು.

"ಇಲ್ಲಿ ನೀವು ಊರಿನ ಹಾಗೆ ಮೂರು ಕಲ್ಲಿಟ್ಟು ಉರಿ ಹಾಕಿದ್ರೆ ಮೊದಲ ದಿನವೇ ನಿಮಗೆ ಮೀಯಿಸುವವರು ಬೇಡ, ಡಾಕ್ಟರು ಬೇಕಾದೀತು. ಊರಿನ ಬಚ್ಚಲಿಗೆ ಹೆಂಚಿನ ಸಂದಿ, ಗೋಡೆ ಸಂದಿ, ಎಲ್ಲ ಕಡೆ ಗಾಳಿ. ಇದು ಡಬ್ಬಿ. ಇಲ್ಲಿ ಅವಳಿಗೆ ಉಸಿರಾಡ್ಲಿಕ್ಕೆ ಮೂಗು ಬೇಕು, ಉಸಿರು ಬಿಡ್ಲಿಕ್ಕೆ ಬಾಯಿ ಬೇಕು. ಎರಡೂ ನಾನು ಮಾಡಿ ಕೊಡ್ತೇನೆ. ನಡುವೆ ಯಾರೂ ಬಾಯಿ ಹಾಕ್ಬಾರ್ದು."

ಯಾರೂ ಹಾಕಲಿಲ್ಲ. ದಪ್ಪ ಕಬ್ಬಿಣದ ತಗಡು ತಂದು, ಬಾಗಿಲಿರುವ ಒಲೆ ಬೆಸುಗೆ ಹಾಕಿಸಿದರು. ಕೆಳಗೆ ಬೂದಿಯ ತಟ್ಟೆ, ಮೇಲೆ ಹಂಡೆ ಕೂರುವಷ್ಟು ಬಾಯಿ. ನೆಲಕ್ಕೆ ಇಟ್ಟಿಗೆ ಹಾಸಿದರು. ಮರದ ಬಾಗಿಲಿಗೂ ಒಲೆಗೂ ನಡುವೆ ಒಬ್ಬ ದಪ್ಪ ಮನುಷ್ಯ ಆರಾಮಾಗಿ ನಿಲ್ಲುವಷ್ಟು ಜಾಗ ಇರಬೇಕೆಂದು ನಮ್ಮ ಯಜಮಾನರನ್ನೇ ನಿಲ್ಲಿಸಿ ಅಳತೆ ತೆಗೆದರು. ಟವೆಲು ಹಾಕುವ ಹಗ್ಗ, ಎಣ್ಣೆ ಬಾಟಲಿಯ ಮರದ ಹಲಗೆ, ಎಲ್ಲವನ್ನೂ ಆಚೆ ಗೋಡೆಗೆ ದಾಟಿಸಿದರು. ಹೊಗೆಕೊಳವೆ ತಗಡಿನ ಮಾಡು ತೂರಿ ಹೋಗುವ ಕಡೆ ಒಂದು ಮರದ ಪಟ್ಟಿ ಇತ್ತು. ಅದನ್ನು ಕತ್ತರಿಸಿ ದೂರ ಸರಿಸಿ, ಕೊಳವೆಗೆ ಹೊರಗಿನಿಂದ ಇನ್ನೊಂದು ದೊಡ್ಡ ಕೊಳವೆ ತೊಡಿಸಿದರು. "ಒಳಗಿನದ್ದು ಬಿಸಿಯಾಗ್ತದೆ, ಹೊರಗಿನದ್ದು ತಣ್ಣಗಿರ್ತದೆ. ಮರಕ್ಕೆ ಬೆಂಕಿ ಹಿಡಿಯುದು ಒಂದೇ ದಿನದಲ್ಲಿ ಅಲ್ಲ ಅಮ್ಮಾ. ದಿನಾ ಸ್ವಲ್ಪ ಸ್ವಲ್ಪ ಒಣಗಿ ಒಣಗಿ, ಒಂದು ದಿನ ಭಗ್ಗಂತ ಹಿಡೀತದೆ."

ಮೇಲಿನ ಅಂತಸ್ತಿನಲ್ಲಿ ಮನೆಯ ಒಡತಿ ಮಾಸಿಮಾ ಇದ್ದಾರೆ. ಕೊಳವೆ ಏಳುವುದನ್ನು ಕಂಡು ಬಾಲ್ಕನಿಯಿಂದ ಬಗ್ಗಿ, "ನನ್ನ ಹೊದಿಕೆಗಳೆಲ್ಲ ಬಿಸಿಲಿಗೆ ಹಾಕುವ ಕಾಲ ಇದು, ಅವುಗಳಿಗೆ ಮಸಿ ಬಳಿಯುತ್ತೀಯಾ ಮಿಸ್ತ್ರಿ?" ಎಂದು ಕೂಗಿದರು. ತಮ್ಮನ್ನು ಮಿಸ್ತ್ರಿ ಎಂದದ್ದಕ್ಕೆ ಪೊರ್ಬುಗಳಿಗೆ ಸಿಟ್ಟು ಬಂತು, ಬಂದರೂ ಮೆಟ್ಟಿಲು ಹತ್ತಿ ಹೋದರು. ಚಹಾ ಕುಡಿದು, ಸಂದೇಶ್ ಮಿಠಾಯಿ ತಿಂದು, ಒಪ್ಪಿಗೆ ತೆಗೆದುಕೊಂಡೇ ಇಳಿದರು. ಕೊಳವೆಯನ್ನು ಮಾಸಿಮಾರ ಬಾಲ್ಕನಿಗಿಂತ, ಕಿಟಕಿಗಿಂತ, ಮಾಳಿಗೆಯ ಕಟ್ಟೆಗಿಂತಲೂ ಮೇಲಕ್ಕೆ ಒಯ್ದು ತಲೆಗೊಂದು ಟೋಪಿ ಇಟ್ಟರು. "ನಿಮ್ಮ ಹೊದಿಕೆಗೆ ಒಂದು ಚುಕ್ಕೆ ಮಸಿ ಬಿದ್ರೆ ನನ್ನ ಅಂಗಿ ಬಿಚ್ಚಿ ಕೊಡ್ತೇನೆ" ಎಂದು ಮಾತು ಕೊಟ್ಟಿದ್ದರಂತೆ. ಮಾಸಿಮಾ ಆಮೇಲೆ ನನ್ನ ಹತ್ತಿರ, "ಆ ಅಂಗಿ ನನಗೆ ಯಾಕೆ?" ಎಂದು ಕೇಳಿ ನಕ್ಕಿದ್ದೇ ನಕ್ಕಿದ್ದು.

ಕೊನೆಗೆ ಒಲೆಯ ಎದುರಿನ ಗೋಡೆಯಲ್ಲಿ ನೆಲಕ್ಕೆ ಹತ್ತಿರ, ಅಂಗಳದ ಕಡೆಗೆ ಒಂದು ತೂತು ಕೊರೆದು ಕಬ್ಬಿಣದ ಜಾಲರಿ ಹಾಕಿದರು. ಇದು ಅವಳ ಮೂಗು, ಇದನ್ನು ಯಾವತ್ತೂ ಮುಚ್ಚಬಾರದು ಎಂದರು.

ಕಟ್ಟಿಗೆಗೂ ಅವರದ್ದೇ ಪರೀಕ್ಷೆ. ಡಾಕ್ ಕಡೆಯಿಂದ ಅಗ್ಗಕ್ಕೆ ಸಿಗುವ ಪೆಟ್ಟಿಗೆ ಮರವನ್ನು ಯಜಮಾನರು ಗಾಡಿಯಲ್ಲಿ ತರಿಸಿದ್ದರು. ಬಣ್ಣ ಹಚ್ಚಿದ, ಮದ್ದು ಹಾಕಿದ ಹಲಗೆ. ಅದನ್ನು ಕಂಡು ಪೊರ್ಬುಗಳು, "ಇದನ್ನು ಉರಿಸಿದ್ರೆ ಬಾಣಂತಿ ಬಣ್ಣದ ಹೊಗೆ ಕುಡೀತಾಳೆ" ಎಂದು ಗಾಡಿಯವನನ್ನು ಹಾಗೇ ತಿರುಗಿಸಿ ಕಳಿಸಿದರು. ಒಣಗಿದ ಸೀಳು ಕಟ್ಟಿಗೆ ತರಿಸಿ ಎರಡು ತುಂಡು ಕೈಯಲ್ಲಿ ಹಿಡಿದು ಒಂದಕ್ಕೊಂದು ಬಡಿದರು. ಟಣ್ ಎಂದರೆ ಒಳಗೆ, ದಪ್ ಎಂದರೆ ಬಿಸಿಲಿಗೆ. ಸೀಮೆಎಣ್ಣೆ ಸುರಿಯುವ ಹಾಗಿಲ್ಲ. ಒಲೆಯ ಹೊಟ್ಟೆ ತುಂಬ ತುರುಕುವ ಹಾಗಿಲ್ಲ. ಹಂಡೆಯ ಬಾಯಿಯನ್ನು ಬಿಗಿಯಾಗಿ ಮುಚ್ಚುವ ಹಾಗಿಲ್ಲ. ಬೂದಿ ತಣ್ಣಗಾಯಿತೆಂದು ಅನಿಸಿದರೂ ಮುಚ್ಚಳವಿರುವ ತಗಡಿನ ಡಬ್ಬಿಗೇ ಹಾಕಿ ಅಂಗಳದಲ್ಲಿಡಬೇಕು. "ಬೂದಿ ನಿದ್ದೆ ಮಾಡಿದ ಹಾಗೆ ನಾಟಕ ಮಾಡ್ತದೆ" ಎನ್ನುತ್ತಿದ್ದರು. ಮೊದಲ ಉರಿಯನ್ನು ನಮ್ಮನ್ನೆಲ್ಲ ಹೊರಗೆ ಕಳಿಸಿ ಅವರೇ ಹಾಕಿದರು. ಹೊಸ ಕಬ್ಬಿಣದ ವಾಸನೆ ಸುಟ್ಟು ಹೋಗುವವರೆಗೆ ಬಚ್ಚಲಿನ ಬಾಗಿಲು ತೆರೆದಿಟ್ಟು ಅಂಗಳದಲ್ಲಿ ಕುರ್ಚಿ ಹಾಕಿ ಕುಳಿತಿದ್ದರು, ಹೆರಿಗೆ ವಾರ್ಡಿನ ಹೊರಗೆ ಗಂಡ ಕುಳಿತ ಹಾಗೆ.

ಮಗು ಹುಟ್ಟಿತು. ಹೆಣ್ಣು! ಹೋಟೆಲಿನಲ್ಲಿ ಬಂದವರಿಗೆಲ್ಲ ಅವತ್ತು ಕೇಸರಿಬಾತು ಬಿಟ್ಟಿ. ಆ ಬೆರಳುಗಳು, ಆ ಕಿವಿಯ ತುದಿ, ಮುಷ್ಟಿ ಬಿಗಿದು ಆಕಳಿಸುವ ಚಂದ! ಇದನ್ನೆಲ್ಲ ಬರೆಯುತ್ತಾ ಹೋದರೆ ಪೊರ್ಬುಗಳು ಹಿಂದೆ ಬೀಳುತ್ತಾರೆ. ಆದ್ದರಿಂದ ಬಿಡುತ್ತೇನೆ.

ಅತ್ತಿಗೆ ಬಂದರು. ಒಲೆಯನ್ನು ಸುತ್ತ ನೋಡಿ, "ಹಡಗಿನ ಹಾಗೆ ಉಂಟಲ್ಲ. ಇದರಲ್ಲಿ ನಾವು ಮೀಯುದಾ, ಸಿಲೋನಿಗೆ ಹೋಗುದಾ?" ಎಂದರು. ಆದರೆ ಮೊದಲ ದಿನ ಹಂಡೆಯ ನೀರು ಕಾದ ಬಗೆ ನೋಡಿ ಮಣೆ ಎಳೆದುಕೊಂಡರು. ಕಾಲು ನೀಡಿ ಮಣೆಯ ಮೇಲೆ ಕುಳಿತು, ಕಾಲಿನ ಮೇಲೆ ಮಗುವನ್ನು ಬೋರಲು ಮಲಗಿಸಿ ಅವರು ನೀರು ಹೊಯ್ಯುವುದನ್ನು ನೋಡಬೇಕಿತ್ತು. ಮಗು ಅರಚಿ ಅರಚಿ, ಕೊನೆಗೆ ಬಿಸಿನೀರಿನ ಸುಖಕ್ಕೆ ಅಲ್ಲೇ ಕಣ್ಣು ಮುಚ್ಚುತ್ತಿತ್ತು.

ಬಾಣಂತಿ ಮನೆಯಲ್ಲಿ ಅತ್ತಿಗೆಯದ್ದೇ ಕಾನೂನು. ಹೊರಗಿನವರು ಮಗುವನ್ನು ಮುಟ್ಟುವ ಹಾಗಿಲ್ಲ. ಗಂಡಸರು ಅಂಗಳ ದಾಟುವ ಹಾಗಿಲ್ಲ. ಪೊರ್ಬುಗಳು ದಿನಾ ಬಂದು ಅಂಗಳದಿಂದಲೇ ಕೊಳವೆಯನ್ನು ನೋಡಿ, "ಹೇಗಿದ್ದಾಳೆ?" ಎಂದು ಕೇಳುತ್ತಿದ್ದರು. ಮಗುವನ್ನು ಕೇಳುತ್ತಿದ್ದಾರೋ ಒಲೆಯನ್ನೋ ಎಂದು ನಮಗೆ ಗೊತ್ತಾಗುತ್ತಿರಲಿಲ್ಲ. "ಚೆನ್ನಾಗಿದ್ದಾಳೆ" ಎಂದರೆ ಎರಡಕ್ಕೂ ಸರಿಹೋಗುತ್ತಿತ್ತು.

ಒಂದು ವಾರ ಕಳೆದ ಮೇಲೆ ಉತ್ತರದ ಗಾಳಿ ಶುರುವಾಯಿತು. ಬೆಳಿಗ್ಗೆ ಅಂಗಳದಲ್ಲಿ ನಿಂತರೆ ಹಲ್ಲು ಕಟಕಟ. ಆ ಗಾಳಿ ಜಾಲರಿಯ ತೂತಿನಿಂದ ನುಗ್ಗಿ ನೇರವಾಗಿ ಮೀಯುವವರ ಒದ್ದೆ ಮೈಗೆ ಬಡಿಯುತ್ತಿತ್ತು. ಬಾಣಂತಿಗೆ ಗಾಳಿ ತಾಗಬಾರದೆಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತಿರುವ ವಿಷಯ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಕಿಟಕಿಗೆ ಪರದೆ. ಅತ್ತಿಗೆ ಒಂದು ಹಳೆಯ ನೀಲಿ ಸೀರೆಯನ್ನು ಮಡಚಿ ಮಡಚಿ ಆ ತೂತಿಗೆ ತುರುಕಿದರು. ಮಗಳನ್ನೂ ಮಗುವನ್ನೂ ಒಳಗೆ ಕೂರಿಸಿ ಚಿಲಕ ಹಾಕಿ, ಬಾಗಿಲಿನ ಕೆಳಗಿನ ಸಂದಿಗೂ ಗೋಣಿ ಒತ್ತಿದರು. ನಾನು ಆಗ ಅಡಿಗೆಮನೆಯಲ್ಲಿ ಬಾಣಂತಿಯ ಮೆಣಸಿನ ಸಾರು ಕುದಿಸುತ್ತಿದ್ದೆ.

ಹೊರಗಿನ ಬಾಗಿಲು ಧಡಾರೆಂದು ತೆರೆದ ಸದ್ದಿಗೆ ನಾನು ಹೊರಗೆ ಬಂದರೆ ಪೊರ್ಬುಗಳು ಅಂಗಳದಲ್ಲಿ ಓಡುತ್ತಿದ್ದರು. ಆ ವಯಸ್ಸಿನಲ್ಲಿ ಅವರು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಜಾಲರಿಯನ್ನು ಕಿತ್ತು ನೀಲಿ ಸೀರೆಯನ್ನು ಹೊರಗಿನಿಂದ ಎಳೆದು ಬಿಸಾಡಿದರು. ಆಮೇಲೆ ಎರಡೂ ಮುಷ್ಟಿಯಿಂದ ಬಚ್ಚಲಿನ ಬಾಗಿಲು ಬಡಿಯತೊಡಗಿದರು.

"ಬಾಗಿಲು ತೆಗೀರಿ! ಕೂಡ್ಲೇ ತೆಗೀರಿ!"

ಒಳಗಿನಿಂದ ಅತ್ತಿಗೆ, "ಯಾರದು? ನಾಚಿಕೆ ಆಗುದಿಲ್ವಾ ನಿಮಗೆ? ಬಾಣಂತಿ ಮೀಯ್ತಾ ಇದ್ದಾಳೆ!"

"ಬೈಯಿರಿ ಅಕ್ಕಾ, ಎಷ್ಟು ಬೇಕಾದ್ರೂ ಬೈಯಿರಿ. ಆದ್ರೆ ಬಾಗಿಲು ತೆಗೆದು ಬೈಯಿರಿ!"

ಅಷ್ಟು ಮರ್ಯಾದಸ್ಥ ಮನುಷ್ಯ ಹೆಂಗಸರ ಬಚ್ಚಲಿನ ಬಾಗಿಲು ಬಡಿಯುತ್ತಿದ್ದಾರೆ. ಆಗ ಒಳಗಿನಿಂದ ಮಗಳ ಸ್ವರ ಕೇಳಿತು, ತೀರ ಸಣ್ಣದಾಗಿ.

"ಅಮ್ಮಾ... ಮಾಥಾ ಘುರ್ಛೆ... ತಲೆ ತಿರುಗ್ತಾ ಉಂಟು."

ನಾನು ಕಿರುಚಿದೆ. ಅತ್ತಿಗೆ ಚಿಲಕ ತೆಗೆದರು. ಪೊರ್ಬುಗಳು ಬಾಗಿಲನ್ನು ಒಂದೇ ಸಲ ಪೂರ್ತಿ ದೂಡಿ, ಕೂಡಲೇ ಬೆನ್ನು ತಿರುಗಿಸಿ ನಿಂತುಬಿಟ್ಟರು. "ಹೊದಿಸಿ ಹೊರಗೆ ತನ್ನಿ. ಮೊದಲು ಮಗು. ಗಾಳಿಗೆ ತನ್ನಿ, ಚಳಿ ತಾಗಿದ್ರೆ ತಾಗಲಿ!" ಎಂದು ಗೋಡೆಗೆ ಮುಖ ಮಾಡಿ ಕೂಗುತ್ತಿದ್ದರು. ನಾನು ಒದ್ದೆ ಮಗುವನ್ನು ಸೆರಗಿನಲ್ಲಿ ಸುತ್ತಿ ಅಂಗಳಕ್ಕೆ ಓಡಿದೆ. ಮಗು ಸಪ್ಪೆಯಾಗಿ ಕಣ್ಣು ಅರ್ಧ ಮುಚ್ಚಿತ್ತು. ನನ್ನ ಜನ್ಮದಲ್ಲಿ ಅಷ್ಟು ಉದ್ದದ ಗಳಿಗೆ ಇನ್ನೊಂದಿಲ್ಲ. ತಣ್ಣನೆಯ ಗಾಳಿ ಮುಖಕ್ಕೆ ಬಡಿದದ್ದೇ ಅದು ಒಮ್ಮೆ ಮುಖ ಕಿವುಚಿ, ಓಣಿಗೆಲ್ಲ ಕೇಳುವ ಹಾಗೆ ಅತ್ತಿತು. ಅಷ್ಟು ಚಂದದ ಸಂಗೀತ ನಾನು ಕೇಳಿಲ್ಲ.

ಅಳಿಯನಿಗೆ ಹೇಳಿ ಕಳಿಸಿ, ಮಗಳನ್ನೂ ಮಗುವನ್ನೂ ಅತ್ತಿಗೆಯನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಆಮ್ಲಜನಕ ಕೊಟ್ಟು, ರಕ್ತ ಪರೀಕ್ಷೆ ಮಾಡಿ, ಇನ್ನು ಭಯವಿಲ್ಲ, ಬೇಗ ಹೊರಗೆ ತಂದಿರಿ ಎಂದು ಡಾಕ್ಟರು ಮರುದಿನ ಮನೆಗೆ ಕಳಿಸಿದರು.

ಮನೆಯಲ್ಲಿ ಬೇರೆಯೇ ಉರಿ ಎದ್ದಿತ್ತು. ಯಜಮಾನರು ಒಲೆಯನ್ನು ಕಿತ್ತು ಗುಜರಿಗೆ ಹಾಕುವುದೇ ಎಂದು ಹಟ ಹಿಡಿದರು. ಅತ್ತಿಗೆ ಟ್ರಂಕಿಗೆ ಸೀರೆ ತುಂಬುತ್ತಾ ಕುಳಿತಿದ್ದರು. ಯಾರೂ ಅವರಿಗೆ ಒಂದು ಮಾತು ಅಂದಿರಲಿಲ್ಲ. ಅನ್ನದಿರುವುದೇ ಅವರಿಗೆ ಚುಚ್ಚುತ್ತಿತ್ತು.

"ನನಗೆ ಟಿಕೆಟು ಮಾಡಿಸು" ಎಂದರು ತಮ್ಮನಿಗೆ. "ಇಷ್ಟು ಮಕ್ಕಳನ್ನು ಮೀಯಿಸಿದ ಕೈ ಇದು. ನಿಮ್ಮ ಮನೆಯಲ್ಲಿ ಕೊಲೆಗಾರ್ತಿ ಆದೆ. ಇನ್ನು ಈ ಮಗುವನ್ನು ನಾನು ಮುಟ್ಟುದಿಲ್ಲ."

ಮಗಳು ಮಂಚದಿಂದಲೇ, "ಅತ್ತೆ, ಹಾಗೆಲ್ಲ ಹೇಳ್ಬೇಡಿ, ಪ್ಲೀಸ್" ಎಂದು ಅಳತೊಡಗಿದಳು. ಹಸಿ ಬಾಣಂತಿ, ಮೈಯಲ್ಲಿ ತ್ರಾಣವಿಲ್ಲ. ಮೀಯಿಸುವವರು ಹೀಗೆ ಮನಸ್ಸು ಮುರಿದುಕೊಂಡು ಹೋದರೆ ಈ ಬಾಣಂತನ ಹೇಗೆ ಮುಗಿಯಬೇಕು? ಅತ್ತಿಗೆ ಮತ್ತೆ ಈ ಮನೆಯ ಮೆಟ್ಟಿಲು ಹತ್ತುತ್ತಾರಾ? ನಾನು ಇಬ್ಬರ ನಡುವೆ ನಿಂತು ಒದ್ದಾಡುತ್ತಿದ್ದೆ.

ಆಗ ಪೊರ್ಬುಗಳು ಬಂದರು. ಕೈಯಲ್ಲಿ ಹೊಸ ತಗಡಿನ ಒಂದು ಚೌಕ ಕೊಳವೆ, ನಡುವೆ ಬಾಗಿದ್ದು. ಅಂಗಳದಲ್ಲೇ ನಿಂತು, "ದೊಡ್ಡ ಅಕ್ಕನನ್ನು ಸ್ವಲ್ಪ ಕರೀತೀರಾ?" ಎಂದರು. ಈಗ ಇವರ ಜಂಬದ ಭಾಷಣ ಬೇರೆ, ಅತ್ತಿಗೆ ಇವತ್ತೇ ರೈಲು ಹತ್ತುತ್ತಾರೆ ಎಂದುಕೊಂಡು ನಾನು ಕೈಯಲ್ಲಿದ್ದ ಸೌಟಿನ ಸಮೇತ ಹೊರಗೆ ಬಂದೆ. ಅತ್ತಿಗೆ ಬಾಗಿಲಿಗೆ ಬಂದು ನಿಂತರು, ಮುಖ ಕಲ್ಲು.

"ಅಕ್ಕಾ, ತಪ್ಪು ನನ್ನದು" ಎಂದರು ಪೊರ್ಬುಗಳು.

ಯಜಮಾನರು ತಲೆ ಎತ್ತಿದರು. ನಾನು ಸೌಟು ಹಿಡಿದವಳು ಹಾಗೇ ನಿಂತೆ.

"ನೀವು ಮುಚ್ಚಿದ್ದು ಸರಿಯಲ್ಲ, ಅದು ಬೇರೆ ಮಾತು. ಆದ್ರೆ ಮುಚ್ಚುವ ಹಾಗೆ ಮಾಡಿದವನು ನಾನು. ಒಲೆಗೆ ಗಾಳಿ ಬೇಕು ಅಂತ ಮಾತ್ರ ಯೋಚನೆ ಮಾಡಿದೆ. ಆ ಗಾಳಿ ದಾರಿಯಲ್ಲಿ ಯಾರ ಮೈಮೇಲೆ ಹೋಗ್ತದೆ ಅಂತ ಯೋಚನೆ ಮಾಡ್ಲಿಲ್ಲ. ಬಾಣಂತಿಗೆ ಗಾಳಿ ತಾಗಬಾರ್ದು ಅಂತ ನನ್ನ ಅಮ್ಮನೂ ಹೇಳ್ತಾ ಇದ್ದಳು. ಗೊತ್ತಿದ್ದವನು ನಾನು, ಮರೆತೆ. ನಿಮ್ಮ ಕೆಲಸ ನೀವು ಮಾಡಿದ್ರಿ. ನನ್ನ ಕೆಲಸ ನಾನು ಅರ್ಧ ಮಾಡಿದ್ದೆ."

ಅತ್ತಿಗೆ ಸೆರಗು ಸರಿಮಾಡಿಕೊಂಡು ಅಂಗಳಕ್ಕೆ ಇಳಿದರು. "ನಿಮಗೆ ಹೇಗೆ ಗೊತ್ತಾಯ್ತು, ಓಣಿಯಿಂದ?" ಎಂದು ಕೇಳಿದರು.

"ಹೊಗೆ ನೋಡಿ. ದಿನಾ ತೆಳ್ಳಗೆ ಮೇಲೆ ಹೋಗ್ತದೆ. ಅವತ್ತು ದಪ್ಪಗೆ, ಸೋಮಾರಿ ಹಾಗೆ ಕೊಳವೆ ಬಾಯಿಯಲ್ಲೇ ಉರುಳ್ತಾ ಇತ್ತು. ಉರಿಗೆ ಉಸಿರು ಕಟ್ಟಿದ್ರೆ ಹಾಗೆ. ಆಗ ಅದು ಬಿಡುವ ವಿಷಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ." ಅವರು ಕೈಯಲ್ಲಿದ್ದ ತಗಡನ್ನು ತಿರುಗಿಸುತ್ತಾ ನಿಂತರು. "ನನ್ನ ಜೊತೆಗೆ ಕೆಲಸ ಮಾಡ್ತಿದ್ದವ ಒಬ್ಬ, ಇಂಥದೇ ಚಳಿಯಲ್ಲಿ, ಡಾಕಿನ ಸಣ್ಣ ಕೋಣೆಯಲ್ಲಿ ಕೆಂಡ ಇಟ್ಕೊಂಡು ಮಲಗಿದ. ಗಾಳಿ ಬರ್ತದೆ ಅಂತ ಬಾಗಿಲಿನ ಸಂದಿಗೆ ಗೋಣಿ ತುರುಕಿದ್ದ. ಬೆಳಿಗ್ಗೆ ಎಬ್ಬಿಸ್ಲಿಕ್ಕೆ ಹೋದವನು ನಾನು. ಅವನು ಏಳ್ಲಿಲ್ಲ. ನಿಮ್ಮ ಸೀರೆ ಕಂಡಾಗ ನನಗೆ ಆ ಗೋಣಿಯೇ ಕಂಡದ್ದು. ಹಾಗೆ ಬಾಗಿಲು ಬಡಿದೆ. ಮರ್ಯಾದೆ ಇಲ್ಲದವ ಅಂತ ತಿಳ್ಕೋಬೇಡಿ."

ಅಷ್ಟು ವರ್ಷ ದಿನಾ ಎದುರಿಗೆ ಕುಳಿತು ತಿಂದವರು, ಈ ಕಥೆಯನ್ನು ನಮಗೆ ಒಮ್ಮೆಯೂ ಹೇಳಿರಲಿಲ್ಲ. ಜಂಬ ಕೊಚ್ಚಲಿಕ್ಕೆ ಆಗದ ಕಥೆಗಳನ್ನು ಅವರು ಯಾರಿಗೂ ಹೇಳುತ್ತಿರಲಿಲ್ಲವೋ ಏನೋ.

ಆ ಚೌಕ ಕೊಳವೆಯನ್ನು ಜಾಲರಿಯ ತೂತಿಗೆ ಕೂರಿಸಿ, ನೆಲದ ಮೇಲೆ ಗೋಡೆಗೆ ಒತ್ತಿ ಬಳಸಿ ತಂದು, ನೇರ ಒಲೆಯ ಬಾಯಿಯ ಕೆಳಗೆ ಬಿಟ್ಟರು. ಅಂಗಳದ ಗಾಳಿ ಈಗ ಯಾರ ಮೈಯನ್ನೂ ಮುಟ್ಟದೆ ಒಲೆಗೇ ಹೋಗುತ್ತದೆ. ಬಚ್ಚಲಿನ ಒಳಗಿನ ಹವೆ ಕಟ್ಟಿ ನಿಲ್ಲದ ಹಾಗೆ ಮೇಲೆ, ತಲೆಗಿಂತ ಎತ್ತರದಲ್ಲಿ, ಇನ್ನೊಂದು ಕಿಂಡಿ. ಕೂತು ಮೀಯುವವರಿಗೆ ಅದು ತಾಗುವುದಿಲ್ಲ. ಅತ್ತಿಗೆ ಮಣೆ ಹಾಕಿ ಕುಳಿತು, ಕಾಲು ನೀಡಿ, ಎಲ್ಲಿಯಾದರೂ ಗಾಳಿ ಬರುತ್ತದಾ ಎಂದು ಸ್ವತಃ ಪರೀಕ್ಷೆ ಮಾಡಿದರು. "ಇಲ್ಲಿ ಸ್ವಲ್ಪ ಬರ್ತದೆ" ಎಂದು ಬೆರಳು ತೋರಿಸಿದಲ್ಲಿ ಪೊರ್ಬುಗಳು ಮತ್ತೆ ತಗಡು ಬಗ್ಗಿಸಿದರು. ಇಬ್ಬರೂ ಸೇರಿ ಮಧ್ಯಾಹ್ನದವರೆಗೆ ಅದನ್ನೇ ಮಾಡುತ್ತಿದ್ದರು. ಟ್ರಂಕಿನ ಸೀರೆಗಳು ಸಂಜೆಯೊಳಗೆ ಮತ್ತೆ ಹಗ್ಗದ ಮೇಲೆ ಬಂದವು.

ಅಳಿಯ ಎಸ್ಪ್ಲನೇಡಿನ ಅಂಗಡಿಯಿಂದ ಒಂದು ಸಣ್ಣ ಯಂತ್ರ ತಂದ. ಆ ವಿಷದ ಹವೆ ಬಂದರೆ ಕೂಗುತ್ತದಂತೆ. ಅದನ್ನು ಕಂಡರೆ ಪೊರ್ಬುಗಳಿಗೆ ಸಿಟ್ಟು ಬರುತ್ತದೆಂದು ನಾನು ಎಣಿಸಿದ್ದೆ. ಅವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, "ನನ್ನ ಮೂಗಿಗೆ ಆಗದ್ದು ಇದಕ್ಕೆ ಆಗ್ತದೆ. ಇದು ಮೊದಲೇ ಬರ್ಬೇಕಿತ್ತು" ಎಂದು, ನೀರಿನ ಹಬೆ ತಾಗದ ಕಡೆ ನೋಡಿ ಅವರೇ ಗೋಡೆಗೆ ಸಿಕ್ಕಿಸಿದರು. ಬ್ಯಾಟರಿ ಸರಿಯಿದೆಯಾ ಎಂದು ಗುಂಡಿ ಒತ್ತಿ ಅದನ್ನು ಕೂಗಿಸುವುದು ಅವರಿಗೆ ಹೊಸ ಕೆಲಸವಾಯಿತು. ಅದು ಕೂಗಿದಾಗಲೆಲ್ಲ ಮಾಸಿಮಾ ಮೇಲಿನಿಂದ, "ಬದುಕಿದ್ದೇವೆ, ಬದುಕಿದ್ದೇವೆ!" ಎಂದು ಉತ್ತರ ಕೊಡುತ್ತಿದ್ದರು.

ಜನರು ಅವರನ್ನು ಜಂಬದ ಮನುಷ್ಯ ಎನ್ನುತ್ತಾರೆ. ಹೌದು, ಜಂಬ ಇತ್ತು. ಆದರೆ ಇಡೀ ಜೀವಮಾನ ಕಾಪಾಡಿಕೊಂಡು ಬಂದ ಆ ಜಂಬವನ್ನು ಒಬ್ಬ ಮುದುಕಿಯ ಮಾನ ಉಳಿಸಲಿಕ್ಕೆ ಅಂಗಳದಲ್ಲಿ ನಿಂತು ಒಂದೇ ಮಾತಿನಲ್ಲಿ ಬಿಟ್ಟುಕೊಟ್ಟ ಮನುಷ್ಯನನ್ನು ನಾನು ಕಂಡಿದ್ದೇನೆ. ಅಂಥವರು ನಮ್ಮ ಹೋಟೆಲಿನ ಬೆಂಚಿನಲ್ಲಿ ಕುಳಿತು ನನ್ನ ಸಾಂಬಾರನ್ನು ಬೈದಿದ್ದಾರೆ ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆ.

ಬಾಣಂತಿಯ ನೀರು ಮುಗಿಯುವ ದಿನ ಬಂತು. ಅವತ್ತು ಅತ್ತಿಗೆ ಮಗುವಿಗೆ ತಲೆಗೆ ಮೀಯಿಸಿ, ಒರೆಸಿ, ಕಾಡಿಗೆ ಹಚ್ಚಿ, ಮೆತ್ತನೆಯ ಬಟ್ಟೆಯಲ್ಲಿ ಸುತ್ತಿಕೊಂಡು ಹೊರಗೆ ಬಂದರು. ಪೊರ್ಬುಗಳು ಎಂದಿನ ಹಾಗೆ ಅಂಗಳದ ಆ ಬದಿಯಲ್ಲಿ ನಿಂತಿದ್ದರು.

"ಅಲ್ಲಿ ಎಂತ ಕಂಬದ ಹಾಗೆ ನಿಂತಿದ್ದೀರಿ? ಒಳಗೆ ಬನ್ನಿ" ಎಂದರು ಅತ್ತಿಗೆ.

ಅವರು ಹಿಂದೆ ಮುಂದೆ ನೋಡಿದರು. ಅತ್ತಿಗೆಯೇ ಮುಂದೆ ಹೋಗಿ, ಅದುವರೆಗೆ ಹೊರಗಿನವರು ಯಾರಿಗೂ ಕೊಡದಿದ್ದ ಮಗುವನ್ನು ಅವರ ಸುಟ್ಟ ಕಲೆಯ ತೋಳಿನ ಮೇಲೆ ಇಟ್ಟರು. "ಹಿಡ್ಕೊಳ್ಳಿ. ಇದು ನಿಮ್ಮ ಮಗುವೂ ಹೌದು."

ಮಗು ಬಿಸಿನೀರಿನ ಸುಖದಲ್ಲಿ ಕೆಂಪು ಕೆಂಪಾಗಿ ಮಲಗಿತ್ತು. ಪೊರ್ಬುಗಳು ಬಗ್ಗಿ, ಇನ್ನೂ ತೇವ ಆರದ ಅದರ ನೆತ್ತಿಗೆ ಮೂಗು ತಾಗಿಸಿ, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದುಕೊಂಡರು.

ಆಮೇಲೆ ತಲೆಯೆತ್ತಿ ನಮ್ಮೆಲ್ಲರನ್ನೂ ಒಬ್ಬೊಬ್ಬರನ್ನಾಗಿ ನೋಡಿದರು. ಎದೆ ಉಬ್ಬಿತು.

"ನೋಡಿ" ಎಂದರು. "ಬರೇ ಸಾಬೂನು. ಹೊಗೆಯ ವಾಸನೆ ಒಂಚೂರು ಇಲ್ಲ."